ಭಾರದ ಕ್ಯೂ ಹಿಡಿದರೆ ಹೊಡೆತ ಜೋರಾಗುತ್ತದಾ?

ಪ್ರಶ್ನೆ: ಸರ್, ನಾನು ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದೇನೆ. ಪಾರ್ಲರ್‌ನಲ್ಲಿ ಪೂಲ್ ಆಡುತ್ತೇನೆ, ಆಗಾಗ ಸ್ನೂಕರ್ ಕೂಡ. ಈಗ ಸ್ವಂತ ಕ್ಯೂ (ಬಾಲ್ ಹೊಡೆಯುವ ಕೋಲು) ತಗೋಬೇಕು ಅಂತಿದ್ದೇನೆ. 19 ಔನ್ಸ್ ಕ್ಯೂ ಕೈಗೆ ಒಗ್ಗಿದೆ. ಆದರೆ ಜೊತೆಗೆ ಆಡುವವರು 21 ಔನ್ಸ್‌ದೇ ತಗೋ ಅನ್ನುತ್ತಾರೆ. ಬ್ರೇಕ್ (ಆಟ ಶುರುಮಾಡುವ ಮೊದಲ ಹೊಡೆತ) ಜೋರಾಗುತ್ತದೆ, ಸ್ಕ್ರೂ (ಬಾಲ್ ವಾಪಸ್ ಬರುವಂತೆ ಕೊಡುವ ಹಿಮ್ಮುಖ ಸುತ್ತು) ಚೆನ್ನಾಗಿ ಬರುತ್ತದೆ, ಸೈಡ್ ಹಾಕಿದಾಗ (ಬಾಲ್‌ನ ಎಡಕ್ಕೋ ಬಲಕ್ಕೋ ಹೊಡೆದಾಗ) ವೈಟ್ (ಕ್ಯೂನಿಂದ ಹೊಡೆಯುವ ಬಿಳಿ ಬಾಲ್) ಪಕ್ಕಕ್ಕೆ ಸರಿಯುವುದೂ ಕಮ್ಮಿಯಾಗುತ್ತದೆ ಅಂತ ಅವರ ವಾದ. ಇದು ನಿಜಾನಾ? ಎರಡೂ ಆಟಕ್ಕೆ ಒಂದೇ ಕ್ಯೂ ಸಾಕಾ? ದಯವಿಟ್ಟು ಭೌತಶಾಸ್ತ್ರದ ಲೆಕ್ಕ ಹಾಕಿ ತಿಳಿಸಿ.

ಉತ್ತರ: ಮೊದಲು ಫಲಿತಾಂಶ ಹೇಳಿಬಿಡುತ್ತೇನೆ, ಆಮೇಲೆ ಲೆಕ್ಕ. 19ರಿಂದ 21 ಔನ್ಸ್‌ಗೆ ಹೋದ ಮಾತ್ರಕ್ಕೆ ನಿಮ್ಮ ಬ್ರೇಕ್ ಜೋರಾಗುವುದಿಲ್ಲ. ಸ್ಕ್ರೂ ಜಾಸ್ತಿ ಬರುವುದಿಲ್ಲ. ಸೈಡ್ ಹಾಕಿದಾಗ ವೈಟ್ ಸರಿಯುವುದಕ್ಕೂ ಆ ಎರಡು ಔನ್ಸ್‌ಗೂ ಹೆಚ್ಚುಕಮ್ಮಿ ಸಂಬಂಧವೇ ಇಲ್ಲ. ಹಾಗಂತ ಕ್ಯೂ ತೂಕ ಸುಮ್ನೆ ಅಂತಲ್ಲ. ಅದರ ಪರಿಣಾಮ ನಿಮ್ಮ ಗೆಳೆಯರು ಹುಡುಕುತ್ತಿರುವ ಜಾಗದಲ್ಲಿಲ್ಲ, ಅಷ್ಟೆ. ಅದು ಕಾಣುವುದು ಮೆಲ್ಲಗೆ ಹೊಡೆಯುವ ಶಾಟ್‌ಗಳಲ್ಲಿ.

ಕ್ಯೂ ತುದಿಯಲ್ಲಿರುವ ಟಿಪ್ ಬಾಲ್‌ಗೆ ತಾಗಿ ಬಿಡುವುದರೊಳಗೆ ಎಷ್ಟು ಹೊತ್ತು ಹಿಡಿಯುತ್ತದೆ ಗೊತ್ತಾ? ಚರ್ಮದ ಟಿಪ್ ಆದರೆ ಸುಮಾರು ಒಂದು ಮಿಲಿಸೆಕೆಂಡ್. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಕ್ಯೂ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. ಆ ಹೊತ್ತಿನಲ್ಲಿ ಅದು ಮುಂದೆ ಹೋಗುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಆದರೆ ಆ ಚೂರು ದೂರದಲ್ಲಿ ನಡೆಯುವ ತಳ್ಳಾಟ ಸಣ್ಣದಲ್ಲ. 170 ಗ್ರಾಂ ಬಾಲ್ ಒಂದು ಮಿಲಿಸೆಕೆಂಡಿನಲ್ಲಿ ನಿಂತಲ್ಲಿಂದ ಸೆಕೆಂಡಿಗೆ 4 ಮೀಟರ್ ವೇಗ ಹಿಡಿಯಬೇಕು. ಅದಕ್ಕೆ ಸರಾಸರಿ 680 ನ್ಯೂಟನ್ ಬಲ ಬೇಕು, ಅಂದರೆ ಹತ್ತಿರ ಹತ್ತಿರ 70 ಕಿಲೋ ಭಾರದಷ್ಟು. ನಿಮ್ಮ ಕೈ ಕ್ಯೂವನ್ನು ತಳ್ಳುತ್ತಿರುವ ಬಲ ಸುಮಾರು 20 ನ್ಯೂಟನ್. ಮೇಲಾಗಿ ಅಂಗೈ, ಬೆರಳುಗಳ ಮಾಂಸ ಮೆತ್ತಗೆ. ಕ್ಯೂ ತಟಕ್ಕನೆ ನಿಧಾನವಾದ ಸುದ್ದಿ ತೋಳಿಗೆ ಮುಟ್ಟುವಷ್ಟರಲ್ಲಿ ವೈಟ್ ಟಿಪ್ ಬಿಟ್ಟು ಹೊರಟಿರುತ್ತದೆ. ಹಾಗಾಗಿ ಡಿಕ್ಕಿಯ ಲೆಕ್ಕದಲ್ಲಿ ಕ್ಯೂ ಒಂದು, ಬಾಲ್ ಒಂದು. ಕೈ ಅದರಲ್ಲಿ ಇಲ್ಲ. ಬಿಗಿಯಾಗಿ ಹಿಡಿದರೆ ಹೊಡೆತಕ್ಕೆ ತೋಳಿನ ಭಾರವೂ ಸೇರುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದು ಇಲ್ಲೇ ಬಿದ್ದುಹೋಗುತ್ತದೆ.

ಈಗ ಡಿಕ್ಕಿಯ ಲೆಕ್ಕ. ನಡುವಿಗೆ ಹೊಡೆದಾಗ ಬಾಲ್‌ನ ವೇಗ ಎಷ್ಟು ಅಂತ ತಿಳಿಯಲು ಎರಡೇ ಸಂಖ್ಯೆ ಬೇಕು. ಒಂದು, ಬಾಲ್ ತೂಕವನ್ನು ಕ್ಯೂ ತೂಕದಿಂದ ಭಾಗಿಸಿದಾಗ ಬರುವುದು. ಇನ್ನೊಂದು, ಟಿಪ್ ಎಷ್ಟು ಪುಟಿಯುತ್ತದೆ ಅನ್ನುವುದು. ಚರ್ಮದ ಟಿಪ್‌ಗೆ ಇದು ಸುಮಾರು 0.73. ಸೂತ್ರ ಹೀಗಿದೆ:

ಬಾಲ್ ವೇಗ = ಕ್ಯೂ ವೇಗ × (1 + ಪುಟಿತ) ÷ (1 + ಬಾಲ್ ತೂಕ ÷ ಕ್ಯೂ ತೂಕ)

ಪೂಲ್ ಬಾಲ್ 156ರಿಂದ 170 ಗ್ರಾಂ ಇರುತ್ತದೆ. 170 ಅಂತಲೇ ಇಟ್ಟುಕೊಳ್ಳೋಣ. 19 ಔನ್ಸ್ ಅಂದರೆ ಸುಮಾರು 540 ಗ್ರಾಂ, 21 ಔನ್ಸ್ ಅಂದರೆ 595. ಸೂತ್ರಕ್ಕೆ ಹಾಕಿ ನೋಡಿ. 19 ಔನ್ಸ್ ಕ್ಯೂ ತನ್ನ ವೇಗದ 1.32 ಪಟ್ಟು ಬಾಲ್‌ಗೆ ಕೊಡುತ್ತದೆ. 21 ಔನ್ಸ್‌ದು 1.35 ಪಟ್ಟು. ಎರಡೂ ಕ್ಯೂ ಸೆಕೆಂಡಿಗೆ 3 ಮೀಟರ್ ವೇಗದಲ್ಲೇ ಬಂದರೆ ವೈಟ್ ಒಂದರಲ್ಲಿ 3.95, ಇನ್ನೊಂದರಲ್ಲಿ 4.04 ಮೀಟರ್ ವೇಗದಲ್ಲಿ ಹೊರಡುತ್ತದೆ. ತೂಕ ಹತ್ತು ಪರ್ಸೆಂಟ್ ಏರಿತು, ವೇಗ ಏರಿದ್ದು ಎರಡು ಪರ್ಸೆಂಟ್ ಚಿಲ್ಲರೆ. ಕ್ಯೂ ಎಷ್ಟೇ ಭಾರ ಮಾಡಿ, ಬೆಟ್ಟದಷ್ಟು ಮಾಡಿ, ಈ ಗುಣಕ 1.73 ದಾಟುವುದಿಲ್ಲ.

ಆದರೆ ಆ ಎರಡು ಪರ್ಸೆಂಟ್ ಆದರೂ ಲಾಭ ತಾನೇ ಅಂತ ನೀವು ಕೇಳಬಹುದು. ಇಲ್ಲ, ಅದೂ ಉಳಿಯುವುದಿಲ್ಲ. ಎರಡೂ ಕ್ಯೂ ಒಂದೇ ವೇಗದಲ್ಲಿ ಬಂದರೆ ಅಂತ ಹೇಳಿದೆನಲ್ಲ, ಗಂಟು ಇರುವುದು ಅಲ್ಲಿ. ಭಾರದ ಕ್ಯೂವನ್ನು ಅದೇ ವೇಗಕ್ಕೆ ತರಲು ತೋಳು ಜಾಸ್ತಿ ದುಡಿಯಬೇಕು. ನೀವು ಮೊದಲೇ ಪೂರ್ತಿ ಬಲ ಹಾಕಿ ಬ್ರೇಕ್ ಹೊಡೆಯುತ್ತಿದ್ದರೆ ಆ ಜಾಸ್ತಿ ಎಲ್ಲಿಂದ ಬರಬೇಕು?

ತೋಳಿನ ಲೆಕ್ಕವನ್ನೂ ಹಾಕೋಣ. ಇದು ಅಂದಾಜು, ಆದರೆ ಕಣ್ಣು ತೆರೆಸುವ ಅಂದಾಜು. ಬೀಸುವಾಗ ಚಲಿಸುವುದು ಕ್ಯೂ ಒಂದೇ ಅಲ್ಲ, ಮೊಣಕೈಯಿಂದ ಕೆಳಗಿನ ತೋಳೂ ಜೊತೆಗೆ ತೂಗುತ್ತದೆ. ಸುಮಾರು 70 ಕಿಲೋ ತೂಕದ ಮನುಷ್ಯನ ಮುಂದೋಳು ಮತ್ತು ಅಂಗೈ ಸೇರಿ ಒಂದೂವರೆ ಕಿಲೋ ಬರುತ್ತದೆ. ಅದು ಮೊಣಕೈ ಸುತ್ತ ತಿರುಗುವುದರಿಂದ, ಹಿಡಿತದ ಜಾಗದಲ್ಲಿ ಅದರ ಪರಿಣಾಮ 650 ಗ್ರಾಂ ಹತ್ತಿರದ್ದು. ಹಾಗಾದರೆ 19 ಔನ್ಸ್ ಕ್ಯೂ ಹಿಡಿದಾಗ ಸ್ನಾಯು ತಳ್ಳುವ ಒಟ್ಟು ಭಾರ 1190 ಗ್ರಾಂ, 21ರಲ್ಲಿ 1245 ಗ್ರಾಂ. ಅದೇ ಶ್ರಮ, ಅದೇ ಶಕ್ತಿ ಅಂದರೆ ಭಾರದ ಕ್ಯೂ ವೇಗ 3ರಿಂದ 2.93ಕ್ಕೆ ಇಳಿಯುತ್ತದೆ. ಅದನ್ನು 1.35ರಿಂದ ಗುಣಿಸಿ. ಬರುವುದು ಮತ್ತೆ 3.95! ಡಿಕ್ಕಿಯಲ್ಲಿ ಗಳಿಸಿದ್ದನ್ನು ತೋಳಿನಲ್ಲಿ ಕಳೆದುಕೊಂಡಿರಿ. ಲೆಕ್ಕ ಚುಕ್ತಾ.

ಇದೇ ಲೆಕ್ಕವನ್ನು ಬೇರೆ ತೂಕಗಳಿಗೂ ಮಾಡಿ ನೋಡಿದರೆ ನನಗೆ ಪ್ರತಿ ಸಲವೂ ಖುಷಿ ಕೊಡುವ ಒಂದು ಸಂಗತಿ ಕಾಣುತ್ತದೆ. 400 ಗ್ರಾಮಿನ ತೀರಾ ಹಗುರ ಕ್ಯೂ ಹಿಡಿದರೂ ಬಾಲ್ ವೇಗ ಎರಡು ಪರ್ಸೆಂಟ್ ಕೂಡ ಇಳಿಯುವುದಿಲ್ಲ. 700 ಗ್ರಾಂಗೆ ಏರಿಸಿದರೆ, ಅಂದರೆ ಪೂಲ್ ನಿಯಮ ಒಪ್ಪುವ ಮೇಲಿನ ಮಿತಿಯಾದ 25 ಔನ್ಸ್‌ನ ಹತ್ತಿರಕ್ಕೆ ಹೋದರೆ, ಒಂದು ಪರ್ಸೆಂಟ್‌ನೊಳಗೆ ಇಳಿಯುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವ ತೂಕ 560 ಗ್ರಾಂ ಆಸುಪಾಸು, ಸುಮಾರು 20 ಔನ್ಸ್. ಅಂಗಡಿಯಲ್ಲಿ ಸಿಗುವ ಪೂಲ್ ಕ್ಯೂಗಳು 18ರಿಂದ 21 ಔನ್ಸ್. ಈಗ ಸ್ನೂಕರ್‌ಗೆ ಬನ್ನಿ. ಅದರ ಬಾಲ್ ಚಿಕ್ಕದು, ಸುಮಾರು 140 ಗ್ರಾಂ. ಅದೇ ಲೆಕ್ಕ ಹಾಕಿದರೆ ಬರುವ ಉತ್ತರ 500 ಗ್ರಾಂ ಚಿಲ್ಲರೆ, ಹತ್ತಿರ ಹತ್ತಿರ 18 ಔನ್ಸ್. ಸ್ನೂಕರ್ ಆಡುವವರು ಹೆಚ್ಚಾಗಿ ಹಿಡಿಯುವುದೂ 17–18 ಔನ್ಸ್ ಕ್ಯೂಗಳನ್ನೇ. ಕ್ಯೂ ಮಾಡುವವರು ಈ ಸೂತ್ರ ಬರೆದುಕೊಂಡು ಮರ ಕಡೆದವರಲ್ಲ. ತಲೆಮಾರುಗಳ ಕೈ ಅನುಭವ ಅವರನ್ನು ಅಲ್ಲಿಗೇ ತಂದು ನಿಲ್ಲಿಸಿದೆ.

ಈ ಹೊಂದಿಕೆಯನ್ನು ತೀರಾ ಬಿಗಿಯಾಗಿ ಹಿಡಿಯಬೇಡಿ. ಪಾಕೆಟ್ ಇಲ್ಲದ ಮೇಜಿನ ಮೇಲೆ ಆಡುವ ಕ್ಯಾರಮ್ ಬಿಲಿಯರ್ಡ್ಸ್‌ನಲ್ಲಿ ಬಾಲ್ 205ರಿಂದ 220 ಗ್ರಾಂ. ನನ್ನ ಲೆಕ್ಕ ಅಲ್ಲಿ 22 ಔನ್ಸ್ ದಾಟಬೇಕು ಅನ್ನುತ್ತದೆ. ಆದರೆ ಆ ಆಟಗಾರರ ಕ್ಯೂ ಸಾಮಾನ್ಯವಾಗಿ 500 ಗ್ರಾಂ ಆಸುಪಾಸಿನಲ್ಲೇ ಇರುತ್ತದೆ. ಕಾರಣ ಸರಳ. ಅಷ್ಟು ಹಗುರ ಹಿಡಿದಿದ್ದರಿಂದ ಅವರು ಕಳೆದುಕೊಳ್ಳುವುದು ಒಂದೇ ಪರ್ಸೆಂಟ್ ವೇಗ. ಅಷ್ಟು ಸಣ್ಣ ನಷ್ಟಕ್ಕೆ ಬದಲಾಗಿ ಅವರು ಕೈಗೆ ಹಿತವಾದ ಕ್ಯೂ ಆರಿಸಿಕೊಳ್ಳುತ್ತಾರೆ. ನನಗೆ ಇದರಲ್ಲಿ ನಿಮ್ಮ ಪ್ರಶ್ನೆಗೇ ಉತ್ತರ ಕಾಣುತ್ತದೆ.

ನಿಜವಾಗಿಯೂ ಬ್ರೇಕ್ ಜೋರಾಗಬೇಕು ಅಂದರೆ ತೂಕ ಬಿಟ್ಟು ಟಿಪ್ ನೋಡಿ. ಬ್ರೇಕ್ ಕ್ಯೂಗಳಿಗೆ ಹಾಕುವ ಫಿನಾಲಿಕ್ ಅನ್ನುವ ಗಟ್ಟಿ ಟಿಪ್‌ನ ಪುಟಿತ ಸುಮಾರು 0.85. ಸೂತ್ರದಲ್ಲಿ 1.73 ಇದ್ದಲ್ಲಿ 1.85 ಬರುತ್ತದೆ, ಏಳು ಪರ್ಸೆಂಟ್ ಜಾಸ್ತಿ. ತೋಳಿಗೆ ಒಂದು ಗ್ರಾಂ ಹೊರೆಯೂ ಇಲ್ಲ. ಆದರೆ ಅದು ಚಾಕ್ (ಟಿಪ್ ಜಾರದಂತೆ ಹಚ್ಚುವ ಪುಡಿ) ಹಿಡಿಯುವುದು ಕಷ್ಟ, ಸ್ಪಿನ್‌ಗೆ ಆಗಿಬರುವುದಿಲ್ಲ. ಅದಕ್ಕೇ ಅದನ್ನು ಬ್ರೇಕ್‌ಗೆ ಮಾತ್ರ ಇಟ್ಟುಕೊಳ್ಳುತ್ತಾರೆ. ಟೂರ್ನಮೆಂಟ್ ಆಡುವುದಿದ್ದರೆ ಅಲ್ಲಿನ ನಿಯಮ ಅದನ್ನು ಒಪ್ಪುತ್ತದಾ ಅಂತ ಮೊದಲು ಕೇಳಿಕೊಳ್ಳಿ.

ಈಗ ಸ್ಕ್ರೂ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚಿನವರು ಕ್ಯೂ ಬದಲಾಯಿಸಲು ಹೊರಡುವುದೇ ಸ್ಕ್ರೂ ಬರುತ್ತಿಲ್ಲ ಅಂತ.

ವೈಟ್‌ಗೆ ಎಷ್ಟು ವೇಗ, ಎಷ್ಟು ಸುತ್ತು ಸಿಗುತ್ತದೆ ಅನ್ನುವ ಅನುಪಾತ ಒಂದೇ ಒಂದು ವಿಷಯದ ಮೇಲೆ ನಿಂತಿದೆ. ನೀವು ನಡುವಿನಿಂದ ಎಷ್ಟು ದೂರ ಹೊಡೆದಿರಿ ಅನ್ನುವುದು. ಶಾಲೆಯಲ್ಲಿ ಭೂಮಿಯ ತಿರುಗುವಿಕೆ, ಗಾಳಿಯ ದಿಕ್ಕು ಅಂತ ಓದುವಾಗ ಕೊರಿಯೊಲಿಸ್ ಹೆಸರು ಕೇಳಿರುತ್ತೀರಿ. ಅದೇ ಫ್ರೆಂಚ್ ವಿಜ್ಞಾನಿ 1835ರಲ್ಲಿ ಬಿಲಿಯರ್ಡ್ಸ್‌ನ ಗಣಿತದ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ. ಮೇಜಿನಿಂದ ಬಾಲ್ ವ್ಯಾಸದ ಹತ್ತರಲ್ಲಿ ಏಳು ಭಾಗ ಎತ್ತರಕ್ಕೆ ಹೊಡೆದರೆ ವೈಟ್ ಒಂಚೂರೂ ಜಾರದೆ ಮೊದಲಿನಿಂದಲೇ ಉರುಳುತ್ತದೆ. ಆ ಎತ್ತರದ ಲೆಕ್ಕದಲ್ಲಿ ಕ್ಯೂ ತೂಕ ಬರುವುದೇ ಇಲ್ಲ. ಸ್ಕ್ರೂಗೂ ಅಷ್ಟೇ. ನಡುವಿನಿಂದ ಅರ್ಧ ತ್ರಿಜ್ಯ ಕೆಳಗೆ, ಪೂಲ್ ಬಾಲ್‌ನಲ್ಲಿ ಸುಮಾರು 14 ಮಿಲಿಮೀಟರ್ ಕೆಳಗೆ ಹೊಡೆದರೆ ಸಿಗುವಷ್ಟೇ ಹೆಚ್ಚೆಂದರೆ ಸಿಗುವ ಸುತ್ತು. ಅದಕ್ಕಿಂತ ಕೆಳಗೆ ಹೋದರೆ ಟಿಪ್ ಜಾರಿ ಮಿಸ್‌ಕ್ಯೂ ಆಗುತ್ತದೆ. ಕ್ಯೂ 19 ಇರಲಿ, 25 ಇರಲಿ, ಮಿತಿ ಅದೇ.

ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಕೆಳಗೆ ಹೊಡೆದಾಗ ಬಾಲ್ ಸಹಜವಾಗಿಯೇ ನಿಧಾನ ಹೊರಡುತ್ತದೆ. ಶಕ್ತಿಯ ಒಂದು ಪಾಲು ಸುತ್ತಿಗೆ ಹೋಗುತ್ತದಲ್ಲ, ಅದಕ್ಕೆ. ಕ್ಯೂ ವೇಗ ಅದೇ 3 ಮೀಟರ್ ಇದ್ದರೂ ನಡುವಿಗೆ ಹೊಡೆದರೆ 3.95, ಅರ್ಧ ತ್ರಿಜ್ಯ ಕೆಳಗೆ ಹೊಡೆದರೆ 2.68 ಮಾತ್ರ. ಮೂರರಲ್ಲಿ ಒಂದು ಭಾಗ ಮಾಯ! ಆಟಗಾರನಿಗೆ ಇದು ಕ್ಯೂಗೆ ದಮ್ಮಿಲ್ಲ ಅನ್ನಿಸುತ್ತದೆ. ಭಾರದ ಕ್ಯೂ ಬೇಕು ಅನ್ನಿಸುವುದು ಇಲ್ಲಿಂದಲೇ ಅಂತ ನನ್ನ ಅಭಿಪ್ರಾಯ. ಆದರೆ ಈ ಶಾಟ್‌ನಲ್ಲಿ 21 ಔನ್ಸ್‌ನ ಲಾಭ ಇನ್ನೂ ಸಣ್ಣದು. ಅದೇ ಕೈವೇಗಕ್ಕೆ 2.72 ಬರುತ್ತದೆ, ಒಂದೂವರೆ ಪರ್ಸೆಂಟ್ ಜಾಸ್ತಿ. ತೋಳು ನಿಧಾನವಾಗುವುದನ್ನು ಸೇರಿಸಿದರೆ ಅದೂ ಹೋಗುತ್ತದೆ.

ಸ್ಕ್ರೂ ಸಾಯುವುದು ಬಟ್ಟೆಯ ಮೇಲೆ. ವೈಟ್ ಜಾರುತ್ತಾ ಹೋಗುವಾಗ ಬಟ್ಟೆಯ ಘರ್ಷಣೆ ಹಿಮ್ಮುಖ ಸುತ್ತನ್ನು ತಿನ್ನುತ್ತದೆ. ಘರ್ಷಣೆಯ ಗುಣಾಂಕ 0.2 ಅಂತ ಹಿಡಿದು ಲೆಕ್ಕ ಹಾಕಿದರೆ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಟ ವೈಟ್‌ನ ಪೂರ್ತಿ ಸ್ಕ್ರೂ ಮುಕ್ಕಾಲು ಮೀಟರ್‌ನಲ್ಲಿ ಖಾಲಿ. ಅಲ್ಲಿ ಬಾಲ್ ಸಿಕ್ಕರೆ ವೈಟ್ ನಿಂತುಬಿಡುತ್ತದೆ, ವಾಪಸ್ ಬರುವುದಿಲ್ಲ. ವೇಗ 3 ಮೀಟರ್ ಆದರೆ ಸ್ಕ್ರೂ 1.7 ಮೀಟರ್‌ವರೆಗೆ ಬದುಕುತ್ತದೆ. ದೂರ ವೇಗದ ವರ್ಗದಂತೆ ಬೆಳೆಯುತ್ತದೆ. ಹತ್ತು ಪರ್ಸೆಂಟ್ ವೇಗ ಕೂಡಿಸಿದರೆ ಇಪ್ಪತ್ತೊಂದು ಪರ್ಸೆಂಟ್ ದೂರ ಸಿಗುತ್ತದೆ. ಆ ಹತ್ತು ಪರ್ಸೆಂಟ್ ಬರಬೇಕಾದದ್ದು ಸಡಿಲವಾದ ಮುಂದೋಳಿನಿಂದ. ಇನ್ನೂ ಒಂದು ವಿಷಯ ನೋಡಿಕೊಳ್ಳಿ: 14 ಮಿಲಿಮೀಟರ್ ಕೆಳಗೆ ಹೊಡೆಯುತ್ತೇನೆ ಅಂದುಕೊಂಡವರ ಟಿಪ್ ನಿಜಕ್ಕೂ ಎಲ್ಲಿ ತಾಗುತ್ತಿದೆ? ಪಟ್ಟೆ ಇರುವ ಬಾಲ್ ಒಂದನ್ನು ವೈಟ್ ಜಾಗದಲ್ಲಿ, ಪಟ್ಟೆ ಅಡ್ಡಕ್ಕೆ ಬರುವಂತೆ ಇಟ್ಟು ಹೊಡೆಯಿರಿ. ಚಾಕ್ ಗುರುತು ಎಲ್ಲಿ ಬಿತ್ತು ನೋಡಿ. ಬಹಳ ಸಲ ಕಾಯಿಲೆ ಅಲ್ಲೇ ಸಿಗುತ್ತದೆ.

ಸೈಡ್ ಹಾಕಿದಾಗ ವೈಟ್ ಸರಿಯುವ ವಿಷಯವನ್ನು ಬೇಗ ಮುಗಿಸುತ್ತೇನೆ. ಟಿಪ್ ಬಾಲ್‌ನ ಬಲಕ್ಕೆ ತಾಗಿದರೆ ಬಾಲ್ ಸುತ್ತುತ್ತಾ ಟಿಪ್ಪನ್ನು ಪಕ್ಕಕ್ಕೆ ತಳ್ಳುತ್ತದೆ, ಅದರ ಪ್ರತಿಬಲ ವೈಟನ್ನು ಎಡಕ್ಕೆ ನೂಕುತ್ತದೆ. ಎಷ್ಟು ನೂಕುತ್ತದೆ ಅನ್ನುವುದು ಪಕ್ಕಕ್ಕೆ ಹೋಗಲು ಒಪ್ಪದ ಭಾರ ಎಷ್ಟು ಅನ್ನುವುದರ ಮೇಲಿದೆ. ಆ ಒಂದು ಮಿಲಿಸೆಕೆಂಡಿನಲ್ಲಿ ಪಕ್ಕದ ಅಲುಗಾಟ ಶಾಫ್ಟ್‌ನಲ್ಲಿ (ಕ್ಯೂನ ಮುಂದಿನ ತೆಳ್ಳಗಿನ ಭಾಗ) ಟಿಪ್‌ನಿಂದ ಹದಿನೈದು ಇಪ್ಪತ್ತು ಸೆಂಟಿಮೀಟರ್ ಹಿಂದಕ್ಕೆ ಹೋಗಿರುತ್ತದೆ, ಅಷ್ಟೇ. ಹಾಗಾಗಿ ಲೆಕ್ಕಕ್ಕೆ ಬರುವುದು ಆ ತುದಿಯ ಭಾರ ಮಾತ್ರ. ಕ್ಯೂ ತೂಕ ಏರಿಸಲು ಹಾಕುವ ಬೋಲ್ಟ್ ಇರುವುದು ಬಟ್‌ನ (ಕ್ಯೂನ ಹಿಂದಿನ ದಪ್ಪ ಭಾಗ) ಒಳಗೆ, ಒಂದು ಮೀಟರ್‌ಗಿಂತ ಹಿಂದೆ. ಅದಕ್ಕೆ ಈ ಸುದ್ದಿ ಮುಟ್ಟುವುದೇ ಇಲ್ಲ. ಲೋ ಡಿಫ್ಲೆಕ್ಷನ್ ಶಾಫ್ಟ್ ಅಂತ ಮಾರುವವರು ಮಾಡಿರುವುದೂ ಇದನ್ನೇ: ತುದಿಯನ್ನು ಟೊಳ್ಳು ಮಾಡಿ, ಫೆರೂಲ್ (ಟಿಪ್ ಕೂರುವ ಬಳೆ) ಸಣ್ಣದು ಮಾಡಿ, ಮುಂದಿನ ಭಾರ ಇಳಿಸಿರುತ್ತಾರೆ. ನಿಮ್ಮ ಸಮಸ್ಯೆ ಸೈಡ್ ಆದರೆ ದುಡ್ಡು ಹಾಕಬೇಕಾದದ್ದು ಶಾಫ್ಟ್‌ಗೆ.

ಹಾಗಾದರೆ ತೂಕ ಎಲ್ಲಿ ಕಾಣುತ್ತದೆ? ಮೆಲ್ಲಗಿನ ಶಾಟ್‌ನಲ್ಲಿ ಅಂದೆನಲ್ಲ. ಜೋರು ಹೊಡೆತದಲ್ಲಿ ತೋಳಿನ ಶಕ್ತಿ ಮಿತಿ ಹಾಕುತ್ತದೆ. ಮೆಲ್ಲಗಿನ ಹೊಡೆತದಲ್ಲಿ ಆ ಮಿತಿ ಇಲ್ಲ. ಅಲ್ಲಿ ಕೈ ತನಗೆ ಅಭ್ಯಾಸವಾದ ವೇಗವನ್ನೇ ಮತ್ತೆ ಮಾಡುತ್ತದೆ. ಆಗ 21 ಔನ್ಸ್ ಕ್ಯೂ ಆ ಎರಡು ಪರ್ಸೆಂಟ್ ಜಾಸ್ತಿ ವೇಗವನ್ನು ನಿಜವಾಗಿಯೂ ಕೊಡುತ್ತದೆ. ಉರುಳುವ ದೂರವೂ ವೇಗದ ವರ್ಗದಂತೆ ಹೋಗುವುದರಿಂದ ಅದು ನಾಲ್ಕೂವರೆ ಪರ್ಸೆಂಟ್ ಆಗುತ್ತದೆ. ಎರಡು ಮೀಟರ್ ಉರುಳಿ ನಿಲ್ಲಬೇಕಿದ್ದ ವೈಟ್ ಒಂಬತ್ತು ಸೆಂಟಿಮೀಟರ್ ಮುಂದೆ ಹೋಗಿ ನಿಲ್ಲುತ್ತದೆ. ಒಂಬತ್ತು ಸೆಂಟಿಮೀಟರ್ ಅಂದರೆ ಒಂದೂವರೆ ಬಾಲ್ ಅಗಲ! ಮುಂದಿನ ಬಾಲ್‌ಗೆ ಕೋನ ಸಿಗುವುದಕ್ಕೂ, ಇನ್ನೊಂದು ಬಾಲ್ ಹಿಂದೆ ಅಡಗಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ ಅಲ್ವಾ? ತೂಕ ಬದಲಾಯಿಸಿದವರ ಪೊಸಿಷನ್ ಕೆಲವು ವಾರ ಕೆಡುವುದು ಇದಕ್ಕೇ. ಕೈ ಹೊಸ ತೂಕ ಕಲಿತ ಮೇಲೆ ಸರಿಹೋಗುತ್ತದೆ. ಹಾಗಾಗಿ ಮೇಲಿಂದ ಮೇಲೆ ತೂಕ ಬದಲಾಯಿಸುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಬ್ಯಾಲೆನ್ಸ್ ಕೂಡ ಬದಲಾಗುತ್ತದೆ. ಸಾಮಾನ್ಯ ಪೂಲ್ ಕ್ಯೂ ಬಟ್ ತುದಿಯಿಂದ 18–19 ಇಂಚು ದೂರದಲ್ಲಿ ತೂಗಿ ನಿಲ್ಲುತ್ತದೆ. ಬಟ್‌ನೊಳಗೆ ಎರಡು ಔನ್ಸ್ ಬೋಲ್ಟ್ ಹಾಕಿದರೆ ಆ ಜಾಗ ಸುಮಾರು ಒಂದೂವರೆ ಇಂಚು ಹಿಂದಕ್ಕೆ ಹೋಗುತ್ತದೆ. ಆಗ ಬ್ರಿಡ್ಜ್ ಕೈ (ಮೇಜಿನ ಮೇಲೆ ಕ್ಯೂಗೆ ಆಸರೆ ಕೊಡುವ ಕೈ) ಮೇಲೆ ಕ್ಯೂ ಹಗುರವಾಗಿ ಕೂರುತ್ತದೆ, ಟಿಪ್ ಮೇಲೇಳಲು ನೋಡುತ್ತದೆ. ಭಾರದ ಕ್ಯೂ ಹಿಡಿದಾಗ ಆಟ ಬದಲಾಯಿತು ಅನ್ನುವವರು ಅನೇಕ ಸಲ ಗಮನಿಸಿರುವುದು ಈ ಬ್ಯಾಲೆನ್ಸನ್ನು ಅಂತ ನನಗನ್ನಿಸುತ್ತದೆ. ಕ್ಯೂ ಕೊಳ್ಳುವಾಗ ತೂಕದ ಚೀಟಿ ಓದುವುದರ ಜೊತೆಗೆ ಬೆರಳ ಮೇಲಿಟ್ಟು ಎಲ್ಲಿ ತೂಗುತ್ತದೆ ನೋಡಿ.

ಎರಡೂ ಆಟಕ್ಕೆ ಒಂದೇ ಕ್ಯೂ ಬಗ್ಗೆ: ತೂಕದ ಕಾರಣಕ್ಕೆ ತೊಂದರೆ ಇಲ್ಲ. ಟಿಪ್ ಅಗಲದ ಕಾರಣಕ್ಕೆ ಇದೆ. ಸ್ನೂಕರ್ ಟಿಪ್ ಸುಮಾರು 9.5 ಮಿಲಿಮೀಟರ್, ಪೂಲ್‌ದು 13ರ ಹತ್ತಿರ. 52.5 ಮಿಲಿಮೀಟರ್‌ನ ಸ್ನೂಕರ್ ಬಾಲ್‌ಗೆ ಅಗಲ ಟಿಪ್‌ನಲ್ಲಿ ಗುರಿ ಹಿಡಿಯುವುದು ಕಷ್ಟ. ತೆಳ್ಳಗಿನ ಸ್ನೂಕರ್ ಶಾಫ್ಟ್‌ನಲ್ಲಿ ಪೂಲ್ ಬ್ರೇಕ್ ಹೊಡೆದರೆ ಟಿಪ್, ಫೆರೂಲ್ ಬೇಗ ಹಾಳು. ಸ್ನೂಕರ್ ಮತ್ತು ಇಂಗ್ಲಿಷ್ ಬಿಲಿಯರ್ಡ್ಸ್ ಆಡುವವರಿಗೆ ಈ ಕಷ್ಟ ಇಲ್ಲ, ಎರಡಕ್ಕೂ ಒಂದೇ ಅಳತೆಯ ಬಾಲ್. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಎರಡರಲ್ಲೂ ವಿಶ್ವ ಚಾಂಪಿಯನ್ ಆದವರು. ಎರಡು ಆಟದ ಲೆಕ್ಕಾಚಾರ ಬೇರೆ ಬೇರೆ ಆದರೂ ಬಾಲ್ ತೂಕ ಕೈಗೆ ಹೊಸದಾಗುವುದಿಲ್ಲ. ನಿಮ್ಮದು ಪೂಲ್ ಮುಖ್ಯವಾದರೆ ಪೂಲ್ ಕ್ಯೂ ತಗೊಳ್ಳಿ, 19 ಔನ್ಸ್‌ನಲ್ಲೇ ಇರಿ. ಸ್ನೂಕರ್‌ಗೆ ಪಾರ್ಲರ್ ಕ್ಯೂಗಳಲ್ಲಿ ನೆಟ್ಟಗಿರುವ ಒಂದನ್ನು ಗುರುತಿಟ್ಟುಕೊಳ್ಳಿ.

ನೀವು ಕೇಳದ ಒಂದು ವಿಷಯ ಸೇರಿಸುತ್ತೇನೆ. ಕ್ಯೂ ತೂಕಕ್ಕಿಂತ ಬಾಲ್ ತೂಕ ಎಷ್ಟೋ ಪಾಲು ಜಾಸ್ತಿ ಆಟ ಕೆಡಿಸುತ್ತದೆ. ವೈಟ್ ಮತ್ತು ಎದುರಿನ ಬಾಲ್ ಒಂದೇ ತೂಕ ಇದ್ದರೆ, ಸ್ಟನ್ ಹೊಡೆದಾಗ (ವೈಟ್ ಸುತ್ತದೆ ಬರೀ ಜಾರುತ್ತಾ ಹೋಗಿ ನೇರ ಬಡಿದಾಗ) ವೈಟ್ ತನ್ನ ವೇಗದ ಮೂರು ಪರ್ಸೆಂಟ್ ಮಾತ್ರ ಉಳಿಸಿಕೊಂಡು ಬಹುತೇಕ ಅಲ್ಲೇ ನಿಲ್ಲುತ್ತದೆ. ವೈಟ್ 170, ಎದುರಿನದು 160 ಗ್ರಾಂ ಆದರೆ ಅದು ಆರು ಪರ್ಸೆಂಟ್ ಆಗುತ್ತದೆ, ವೈಟ್ ಮುಂದಕ್ಕೆ ತೆವಳುತ್ತದೆ, ಸ್ಕ್ರೂ ಮೊಂಡಾಗುತ್ತದೆ. ನಾಣ್ಯ ಹಾಕಿ ಆಡುವ ಕೆಲವು ಮೇಜುಗಳಲ್ಲಿ ವೈಟನ್ನು ಬೇರ್ಪಡಿಸಲೆಂದೇ ದೊಡ್ಡದು ಮಾಡಿರುತ್ತಾರೆ, ಅಲ್ಲಿ ಸ್ಕ್ರೂ ಬರಲಿಲ್ಲ ಅಂತ ಬೇಸರಪಡಬೇಡಿ. ತಿರುಗುಮುರುಗು ಕೂಡ ಇದೆ. ವೈಟ್ ಪ್ರತಿ ಶಾಟ್‌ಗೂ ಏಟು ತಿನ್ನುವುದರಿಂದ ಬೇರೆ ಬಾಲ್‌ಗಳಿಗಿಂತ ಬೇಗ ಸವೆದು ಹಗುರವಾಗುತ್ತದೆ. 156 ಗ್ರಾಂನ ಹಳೇ ವೈಟ್ 170 ಗ್ರಾಂ ಬಾಲ್‌ಗೆ ಸ್ಟನ್‌ನಲ್ಲಿ ಬಡಿದರೆ, ಸುತ್ತು ಇಲ್ಲದೆಯೇ ಒಂಚೂರು ಹಿಂದಕ್ಕೆ ಬರುತ್ತದೆ. ಸ್ನೂಕರ್ ನಿಯಮ ಒಂದು ಸೆಟ್‌ನ ಬಾಲ್‌ಗಳ ನಡುವೆ 3 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಒಪ್ಪದಿರುವುದು ಸುಮ್ನೆ ಅಲ್ಲ.

ಹಾಗಾಗಿ 21 ಔನ್ಸ್‌ಗೆ ದುಡ್ಡು ಕೊಡುವ ಮೊದಲು, ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದನ್ನು ಪಾರ್ಲರ್‌ಗೆ ತಗೊಂಡು ಹೋಗಿ. ಮಾಲೀಕರನ್ನು ಕೇಳಿ ವೈಟನ್ನೂ ಉಳಿದ ಬಾಲ್‌ಗಳನ್ನೂ ತೂಗಿ ನೋಡಿ. ಬೇರೆ ಬೇರೆ ಸೆಟ್ ಬೆರೆತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಎರಡೂ ಕ್ಯೂಗಳಲ್ಲಿ ಹತ್ತತ್ತು ಬಾರಿ ಪೂರ್ತಿ ಜೋರಾಗಿ ವೈಟ್ ಒಂದನ್ನೇ ಹೊಡೆಯಿರಿ. ಪಕ್ಕದಲ್ಲಿ ಒಬ್ಬರು ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆಯಲಿ. ಎದುರಿನ ಕುಶನ್ ಮುಟ್ಟಲು ಎಷ್ಟು ಫ್ರೇಮ್ ಹಿಡಿಯಿತು ಎಣಿಸಿ, ಸರಾಸರಿ ತೆಗೆಯಿರಿ. 650 ಗ್ರಾಂ ಅನ್ನುವ ನನ್ನ ಅಂದಾಜು ಮುಂದೋಳಿನದು. ನೀವು ಬ್ರೇಕ್‌ನಲ್ಲಿ ಭುಜ, ಸೊಂಟ ಎಲ್ಲ ಸೇರಿಸಿ ನುಗ್ಗುವವರಾದರೆ ನಿಮ್ಮ ತೋಳಿನ ಲೆಕ್ಕ ಬೇರೆ, ಸ್ವಲ್ಪ ಭಾರದ ಕ್ಯೂ ನಿಮಗೆ ಹೊಂದಬಹುದು. ಫ್ರೇಮ್ ಎಣಿಕೆಯಲ್ಲಿ ಅದು ಕಂಡರೆ, ಬ್ರೇಕ್‌ಗೆ ಅಂತಲೇ ಬೇರೆ ಕ್ಯೂ ಇಟ್ಟುಕೊಳ್ಳಿ. ಆಡುವ ಕ್ಯೂ 19 ಔನ್ಸ್‌ದೇ ಇರಲಿ.